ಅಡುಗೆಮನೆ ನೊಣದ ತವರು ಯಾವುದು?

ಹೋದ ತಿಂಗಳು ಹಣ್ಣಿನ ಬುಟ್ಟಿ ಮೇಲೆ ಹಾರಾಡುವ ಸಣ್ಣ ನೊಣದ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ, ಇದು ಮೂಲದಲ್ಲಿ ಆಫ್ರಿಕಾದ್ದು ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅವುಗಳಲ್ಲಿ ಜಾಸ್ತಿ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯವೇ. ಹಾಗಾಗಿ ಹಲ್ಲಿ ಬಾಲ, ಮೊಬೈಲ್ ಬ್ಯಾಟರಿ ಬಗ್ಗೆ ಕೇಳಿದ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ ಇರಲಿ. ಈ ಸಲ ಪೂರ್ತಿ ನೊಣ.

ಪ್ರಶ್ನೆ: ಕಣ್ಣಿ ಮಾರ್ಕೆಟ್‌ನಿಂದ ಬಾಳೆಹಣ್ಣು ತಂದು ಎರಡು ದಿನ ಇಟ್ಟರೆ ಸಾಕು, ಸಣ್ಣ ನೊಣ ಮುತ್ತುತ್ತವೆ. ಕಿಟಕಿಗೆ ಜಾಳಿಗೆ ಇದೆ, ಬಾಗಿಲು ಹಾಕಿಯೇ ಇರುತ್ತೇವೆ. ಇವು ಹಣ್ಣಿನೊಳಗೇ ಹುಟ್ಟುತ್ತವಾ? ಆಫ್ರಿಕಾದಿಂದ ನಮ್ಮ ಬ್ರಹ್ಮಪುರದ ತನಕ ಬಂದದ್ದಾದರೂ ಹೇಗೆ?
— ಕಲಬುರಗಿಯ ಗೃಹಿಣಿ

ಉತ್ತರ: ಮೊದಲು ಜಾಳಿಗೆ ವಿಷಯ ಮುಗಿಸೋಣ ಅಕ್ಕಾ. ಈ ನೊಣದ ಉದ್ದ ಎರಡೂವರೆ, ಮೂರು ಮಿಲಿಮೀಟರ್ ಅಷ್ಟೇ. ಸೊಳ್ಳೆಗೆ ಅಂತ ಹಾಕಿದ ಜಾಳಿಗೆಯಲ್ಲಿ ಎಲ್ಲೋ ಒಂದು ಕಡೆ ಇದಕ್ಕೆ ದಾರಿ ಸಿಕ್ಕೇ ಸಿಗುತ್ತದೆ. ಸಿಪ್ಪೆ ಒಡೆದ ಹಣ್ಣಾದರೆ ಮಾರ್ಕೆಟ್‌ನಲ್ಲೇ ಅದರ ಮೇಲೆ ಮೊಟ್ಟೆ ಬಿದ್ದಿರಬಹುದು. ಆದರೆ ಮೊಟ್ಟೆಯಿಂದ ನೊಣ ಆಗಲು 25 ಡಿಗ್ರಿ ಶಾಖದಲ್ಲಿ ಹತ್ತು ದಿನ ಬೇಕು. ನೀವು ಎರಡನೇ ದಿನ ನೋಡಿದ್ದು ವಾಸನೆ ಹಿಡಿದು ಬಂದ ನೆಂಟರು. ಇವಕ್ಕೆ ಹಣ್ಣಿಗಿಂತ ಹಣ್ಣಿನ ಮೇಲೆ ಹುಳಿಯೇಳುವ ಯೀಸ್ಟ್ ಇಷ್ಟ. ಸೇಂದಿ ಅಂಗಡಿ ಮುಂದೆ, ವಿನೆಗರ್ ಬಾಟಲಿ ಬಾಯಲ್ಲಿ ಇವೇ ಕಾಣುತ್ತವೆ, ಅಲ್ವಾ?

ಒಂದನ್ನು ಗ್ಲಾಸಿನಲ್ಲಿ ಹಿಡಿದು ಮಕ್ಕಳ ಭೂತಗನ್ನಡಿಯಲ್ಲಿ ನೋಡಿ. ಕೆಂಪು ಕಣ್ಣು, ಜೇನುತುಪ್ಪದ ಬಣ್ಣದ ಮೈ, ಹೊಟ್ಟೆ ಮೇಲೆ ಕಪ್ಪು ಪಟ್ಟೆ. ಗಂಡಾದರೆ ಹಿಂಭಾಗ ಪೂರ್ತಿ ಕಪ್ಪು, ಮಸಿಯಲ್ಲಿ ಅದ್ದಿದ ಹಾಗೆ. ಇದರ ಹೆಸರು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್. ಮೆಲನೊಗ್ಯಾಸ್ಟರ್ ಅಂದರೆ ಕರಿಹೊಟ್ಟೆಯದು. 1830ರಲ್ಲಿ ಜರ್ಮನಿಯ ಮೈಗನ್ ಎಂಬ ಕೀಟತಜ್ಞ ಈ ಹೆಸರಿಟ್ಟ. ಹಾಗಾಗಿ ಕಾಗದದ ಪ್ರಕಾರ ಇದು ಮೊದಲು ಕಂಡದ್ದು ಯೂರೋಪಿನಲ್ಲಿ. ಇಲ್ಲೇ ಎಲ್ಲರೂ ಮೋಸ ಹೋಗೋದು. ಕಾಗದದಲ್ಲಿರುವುದು ಪೆನ್ನು ಹಿಡಿದವನ ಊರು. ನೊಣದ ಊರನ್ನು ಬೇರೆಯೇ ಹುಡುಕಬೇಕು.

ಇದರ ಹತ್ತಿರದ ಬಳಗದ ಜಾತಿಗಳಲ್ಲಿ ಹೆಚ್ಚಿನವು ಆಫ್ರಿಕಾದಲ್ಲೇ ಇವೆ. ಅದನ್ನು ನೋಡಿ 1988ರ ಹೊತ್ತಿಗೇ ಕೆಲವರು ಇದೂ ಅಲ್ಲಿಯದೇ ಇರಬೇಕು ಅಂದಿದ್ದರು. ಆದರೆ ಒಂದು ತೊಡಕಿತ್ತು. ಎಲ್ಲರೂ ಇದನ್ನು ಹಿಡಿಯುತ್ತಿದ್ದದ್ದು ಮನೆಯಲ್ಲಿ, ಮಾರ್ಕೆಟ್‌ನಲ್ಲಿ, ತೋಟದಲ್ಲಿ. ಜನರ ಸುಳಿವಿಲ್ಲದ ಕಾಡಿನಲ್ಲಿ ಇದು ಏನು ತಿಂದು ಬದುಕುತ್ತದೆ ಅನ್ನೋದು ಕಂಡವರಿರಲಿಲ್ಲ. ಜಗತ್ತಿನ ಲ್ಯಾಬುಗಳಲ್ಲಿ ನೂರು ವರ್ಷಕ್ಕಿಂತ ಹೆಚ್ಚು ಕಾಲ ಸಾಕಿದ ಪ್ರಾಣಿಯ ಕಾಡಿನ ಮನೆಯೇ ಗೊತ್ತಿರಲಿಲ್ಲ ಅಂದರೆ ನೋಡಿ! ಕೊನೆಗೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಜಿಂಬಾಬ್ವೆಯ ಮಟೋಬೋ ಗುಡ್ಡಗಳಲ್ಲಿ ಬಲೆ ಇಟ್ಟು ನೋಡಿದರು. 2018ರಲ್ಲಿ ಅದರ ವರದಿ ಬಂತು. ಕಾಡಿನಲ್ಲಿ ನೊಣ ಸಿಕ್ಕಿದ್ದು ಮರುಲಾ ಅನ್ನೋ ಮರದ ಕೆಳಗೆ, ಉದುರಿದ ಹಣ್ಣಿನ ಮೇಲೆ. ಮರುಲಾ ನಮ್ಮ ಮಾವು, ಗೇರಿನ ಕುಟುಂಬದ್ದೇ ಮರ. ನಿಂಬೆ ಗಾತ್ರದ ಹಳದಿ ಹಣ್ಣು, ಒಳಗೆ ಗಟ್ಟಿ ಗೊರಟೆ.

ಆ ಗುಡ್ಡದ ಗವಿಗಳಲ್ಲಿ ಹಿಂದೆ ಸ್ಯಾನ್ ಅನ್ನೋ ಬೇಟೆಗಾರ ಮೂಲನಿವಾಸಿ ಜನ ವಾಸ ಮಾಡುತ್ತಿದ್ದರು. ಮರುಲಾ ಅಂದರೆ ಅವರಿಗೆ ಪ್ರಾಣ. ಲಕ್ಷಗಟ್ಟಲೆ ಗೊರಟೆ ಗವಿಗಳಲ್ಲಿ ಸಿಕ್ಕಿವೆ. ಹಣ್ಣು ಗವಿಯೊಳಗೆ ಹೋಯಿತು, ಹಣ್ಣಿನ ಹಿಂದೆ ನೊಣವೂ ಹೋಯಿತು, ಕತ್ತಲೆ ಮತ್ತು ಹೊಗೆಯ ಮನೆಯಲ್ಲಿ ಬದುಕೋದು ಕಲಿಯಿತು ಅಂತ ಆ ಸಂಶೋಧಕರ ಊಹೆ. ಊಹೆ ಅಂತಲೇ ಇಟ್ಟುಕೊಳ್ಳಿ, ಆದರೆ ನನಗಂತೂ ಒಪ್ಪಿಗೆಯಾಗುತ್ತದೆ. ಒಮ್ಮೆ ಮನುಷ್ಯರ ಮನೆ ಹೊಕ್ಕ ಮೇಲೆ ಬ್ರಹ್ಮಪುರ ಏನು ದೂರ? ಹಾರಿಕೊಂಡು ಬಂದಿಲ್ಲ. ಗಾಡಿ, ಹಡಗು, ಬುಟ್ಟಿ, ನಮ್ಮ ಊಟದ ಗಂಟಿನ ಜೊತೆಯೇ ಬಂತು.

ಪ್ರಶ್ನೆ: ಸರ, ನೊಣಕ್ಕೆ ಆಧಾರ್ ಕಾರ್ಡ್ ಇಲ್ಲ, ಶಾಸನ ಇಲ್ಲ. ಡಿಎನ್‌ಎ ನೋಡಿ ಇಂಥ ಕಡೆಯದು ಅಂತ ಹೇಗೆ ಹೇಳುತ್ತಾರೆ? ಡಿಎನ್‌ಎ ಮೇಲೆ ಊರಿನ ಹೆಸರು ಬರೆದಿರುತ್ತಾ?
— ಶಹಾಪುರದ ಪಿಯುಸಿ ವಿದ್ಯಾರ್ಥಿನಿ

ಉತ್ತರ: ಬರೆದಿರುವುದಿಲ್ಲ ತಂಗಿ. ಆದರೆ ಲೆಕ್ಕ ಹಾಕಬಹುದು. ನಿಮ್ಮ ಕಡೆ ಗೊತ್ತಿರುವ ಸಂಗತಿಯನ್ನೇ ತೆಗೆದುಕೊಳ್ಳಿ. ಒಂದು ಹಳ್ಳಿ. ಅಲ್ಲಿ ಮೂವತ್ತು ಮನೆತನ, ಮೂವತ್ತು ಅಡ್ಡಹೆಸರು. ಒಂದು ವರ್ಷ ಮಳೆ ಕೈಕೊಟ್ಟಿತು, ದುಡಿಯಲು ಒಂದು ಟೆಂಪೋ ಜನ ಮುಂಬೈಗೆ ಹೋದರು. ಟೆಂಪೋದಲ್ಲಿ ಹಿಡಿಸಿದ್ದು ಮೂರು ಮನೆತನದವರು ಮಾತ್ರ. ಅವರು ಅಲ್ಲೇ ನಿಂತರು, ಮಕ್ಕಳು ಮೊಮ್ಮಕ್ಕಳಾದರು, ಈಗ ಆ ಗಲ್ಲಿಯಲ್ಲಿ ಐನೂರು ಜನ. ಊರಿನಲ್ಲಿ ಉಳಿದವರು ಇನ್ನೂರೇ ಇರಬಹುದು. ಈ ಕಥೆ ಏನೂ ಗೊತ್ತಿಲ್ಲದ ಒಬ್ಬನ ಕೈಗೆ ಎರಡೂ ಕಡೆಯ ಅಡ್ಡಹೆಸರಿನ ಪಟ್ಟಿ ಕೊಡಿ. ಒಂದರಲ್ಲಿ ಮೂವತ್ತು ಹೆಸರು, ಇನ್ನೊಂದರಲ್ಲಿ ಮೂರು, ಆ ಮೂರೂ ಮೊದಲಿನ ಮೂವತ್ತರೊಳಗಿನವೇ. ಯಾವುದು ಮೂಲ ಊರು ಅಂತ ಅವನು ತಕ್ಷಣ ಹೇಳುತ್ತಾನೆ. ತಲೆ ಎಷ್ಟಿವೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ಬಗೆ ಎಷ್ಟಿವೆ ಅನ್ನೋದು ಲೆಕ್ಕ.

ಡಿಎನ್‌ಎಯಲ್ಲೂ ಇದೇ. ಒಂದೇ ಜೀನಿನಲ್ಲಿ ಒಂದು ನೊಣಕ್ಕೂ ಇನ್ನೊಂದಕ್ಕೂ ಅಕ್ಷರಗಳು ಅಲ್ಲಲ್ಲಿ ಬೇರೆ ಇರುತ್ತವೆ. ಇಂಥ ವ್ಯತ್ಯಾಸ ತವರಿನಲ್ಲಿ ಜಾಸ್ತಿ, ಹೊರಟುಹೋದ ಗುಂಪಿನಲ್ಲಿ ಕಡಿಮೆ. 1993ರಲ್ಲಿ ಬೆಗುನ್ ಮತ್ತು ಅಕ್ವಾಡ್ರೋ ಎಂಬಿಬ್ಬರು ಜಿಂಬಾಬ್ವೆಯ ನೊಣಗಳನ್ನೂ ಅಮೆರಿಕದ ನೊಣಗಳನ್ನೂ ಹೀಗೆ ಹೋಲಿಸಿದರು. ಜಿಂಬಾಬ್ವೆಯದರಲ್ಲಿ ಬಗೆ ಎದ್ದು ಕಾಣುವಷ್ಟು ಹೆಚ್ಚಿತ್ತು. 2012ರಲ್ಲಿ ಇನ್ನೂ ದೊಡ್ಡ ಕೆಲಸ ನಡೆಯಿತು. ಸಹಾರಾ ಮರಳುಗಾಡಿನ ಕೆಳಗಿನ ಆಫ್ರಿಕಾದ 22 ಕಡೆ ಹಿಡಿದ ನೊಣಗಳು, ಜೊತೆಗೆ ಫ್ರಾನ್ಸಿನ ಲಿಯೋನ್‌ನ ನೊಣಗಳು, ಎಲ್ಲದರ ಇಡೀ ಜೀನೋಮ್, ಅಂದರೆ ಡಿಎನ್‌ಎ ಪೂರ್ತಿ, ಓದಿದರು. ಎಲ್ಲಕ್ಕಿಂತ ಹೆಚ್ಚು ಬಗೆ ಸಿಕ್ಕಿದ್ದು ಜಾಂಬಿಯಾ ಮತ್ತು ಅದರ ಸುತ್ತಮುತ್ತ. ಅಲ್ಲಿ ಕರಿಬಾ ಕೆರೆಯ ದಂಡೆಯಲ್ಲಿ ಸಿಯವೋಂಗಾ ಅಂತ ಒಂದು ಸಣ್ಣ ಊರಿದೆ. ನೊಣದ ಜೀನ್ ಓದುವವರೆಲ್ಲ ಈಗ ಆ ಊರಿನ ಹೆಸರನ್ನು ನಾವು ಗಾಣಗಾಪುರದ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಾರೆ. ಮಟೋಬೋ ಅಲ್ಲಿಂದ ಬಹಳ ದೂರವೇನಿಲ್ಲ. ಜೀನ್ ತೋರಿಸಿದ ದಿಕ್ಕಿನಲ್ಲೇ ಮರುಲಾ ಮರದ ಕೆಳಗೆ ಕಾಡಿನ ನೊಣ ಸಿಕ್ಕಿತು. ಎರಡು ಬೇರೆ ಬೇರೆ ದಾರಿ ಒಂದೇ ಕಡೆ ಬಂದು ಮುಟ್ಟಿದವು ಅನ್ನಿ.

ಸುಮ್ನೆ ಬಗೆ ಎಣಿಸಿದರೆ ಮುಗಿಯಿತಾ? ಇಲ್ಲ, ಇಲ್ಲೊಂದು ಗುಂಡಿ ಇದೆ. ದಾದರ್ ಸ್ಟೇಷನ್ನಿನಲ್ಲಿ ನಿಂತು ಅಡ್ಡಹೆಸರು ಬರೆದುಕೊಂಡರೆ ಮೂವತ್ತಲ್ಲ, ಮುನ್ನೂರು ಸಿಗುತ್ತವೆ. ಹಾಗಂತ ದಾದರ್ ಎಲ್ಲರ ತವರಾ? ಬೇರೆ ಬೇರೆ ಕಡೆಯವರು ಬಂದು ಸೇರಿದ ಜಾಗದಲ್ಲೂ ಬಗೆ ಜಾಸ್ತಿ ಕಾಣುತ್ತದೆ. ಅಮೆರಿಕದ ನೊಣಗಳು ಇಂಥವೇ, ಅವು ಯೂರೋಪಿನವು ಮತ್ತು ಆಫ್ರಿಕಾದವು ಬೆರೆತ ಸಂತತಿ. ಬೆರಕೆಯನ್ನು ಪತ್ತೆ ಹಚ್ಚಲು ಇನ್ನೊಂದು ಉಪಾಯ ಇದೆ. ಪ್ರತಿ ತಲೆಮಾರಿನಲ್ಲೂ ತಾಯಿಯಿಂದ ಬಂದ ತುಂಡು, ತಂದೆಯಿಂದ ಬಂದ ತುಂಡು ಇಸ್ಪೀಟ್ ಎಲೆಯ ಹಾಗೆ ಕಲಸಿಹೋಗುತ್ತವೆ. ಬೆರೆತು ಸ್ವಲ್ಪವೇ ಕಾಲವಾಗಿದ್ದರೆ ಡಿಎನ್‌ಎಯಲ್ಲಿ ಯೂರೋಪಿನ ಉದ್ದ ತುಂಡು, ಆಫ್ರಿಕಾದ ಉದ್ದ ತುಂಡು ಹಾಗೇ ಉಳಿದಿರುತ್ತವೆ. ಹಳೆಯ ತವರಿನಲ್ಲಿ ಎಲ್ಲ ನುಣ್ಣಗೆ ಕಲಸಿಹೋಗಿ ಜೋಳದ ಹಿಟ್ಟಿನಂತೆ ಆಗಿರುತ್ತದೆ. ತುಂಡು ಎಷ್ಟು ಉದ್ದ ಅನ್ನೋದರಿಂದ ಬೆರೆತು ಎಷ್ಟು ಕಾಲವಾಯಿತು ಅಂತಲೂ ಅಂದಾಜು ಮಾಡುತ್ತಾರೆ. ತವರಿನ ಸುತ್ತಲಿನ ಜಾಗ ಬಿಟ್ಟು ಈ ನೊಣ ಹರಡತೊಡಗಿದ್ದಕ್ಕೂ ಹೀಗೆ ಜೀನಿನಿಂದಲೇ ಅಂದಾಜು ಹಾಕಿದ್ದಾರೆ, ಸುಮಾರು 10ರಿಂದ 15 ಸಾವಿರ ವರ್ಷದ ಹಿಂದೆ.

2012ರ ಕೆಲಸದಲ್ಲೇ ಇನ್ನೊಂದು ಸಿಕ್ಕಿತು. ಆಫ್ರಿಕಾದ ನೊಣಗಳಲ್ಲೂ ಹೊರದೇಶದ ತುಂಡುಗಳು, ಅದರಲ್ಲೂ ಪಟ್ಟಣದ ನೊಣಗಳಲ್ಲಿ. ಅಂದರೆ ಹೊರಗೆ ಹೋದವು ವಾಪಸ್ಸೂ ಬಂದಿವೆ, ನಮ್ಮ ಮುಂಬೈ ಮಂದಿ ಜಾತ್ರೆಗೆ ಬಂದ ಹಾಗೆ. ತಮಾಷೆ ಏನಂದರೆ, ಜಿಂಬಾಬ್ವೆಯ ಕೆಲವು ಹೆಣ್ಣು ನೊಣಗಳು ಈ ಹೊರಗಿನ ಗಂಡುಗಳನ್ನು ಹತ್ತಿರ ಬಿಟ್ಟುಕೊಳ್ಳುವುದೇ ಇಲ್ಲ. ಲ್ಯಾಬಿನಲ್ಲಿ ಒಟ್ಟಿಗೆ ಇಟ್ಟು ನೋಡಿದ್ದಾರೆ. ಗಂಡು ರೆಕ್ಕೆ ಬಡಿದು ಎಷ್ಟೇ ಹಾಡಿದರೂ ಅವು ತಮ್ಮ ಕಡೆಯ ಗಂಡನ್ನೇ ಆರಿಸುತ್ತವೆ.

ಕೆಲಸ ಹೇಗೆ ನಡೆಯುತ್ತೆ ಅಂತಲೂ ಹೇಳಿಬಿಡುತ್ತೇನೆ, ನಾಳೆ ನೀವೇ ಈ ದಾರಿ ಹಿಡಿಯಬಹುದು. ಹೊರಗೆ ಹಿಡಿದ ಒಂದೊಂದು ಹೆಣ್ಣನ್ನು ಒಂದೊಂದು ಸೀಸೆಯಲ್ಲಿ ಬಿಟ್ಟು ಸಂತತಿ ಬೆಳೆಸುತ್ತಾರೆ. ಊಟ ಏನು ಗೊತ್ತಾ? ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ಸಾಕುವ ಕೇಂದ್ರವೇ ಇದೆ. ಅಲ್ಲಿನವರು ಬಳಸುವ ಪಾಕ ಇದು: ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗರ್, ಬೂಸ್ಟು ಬರದ ಹಾಗೆ ಒಂದಿಷ್ಟು ಪ್ರೊಪಿಯೋನಿಕ್ ಆಮ್ಲ. ಕುದಿಸಿ ಸೀಸೆಗೆ ಹುಯ್ದು ಆರಿಸಿ, ಮೇಲೆ ಯೀಸ್ಟ್ ಉದುರಿಸುತ್ತಾರೆ. ತುಪ್ಪ ಒಂದು ಹಾಕಿದ್ದರೆ ಬೆಲ್ಲದ ಶಿರಾ. ಇದನ್ನು ತಿಂದು ಬೆಳೆದ ಸಂತತಿಯ ಡಿಎನ್‌ಎ ತೆಗೆದು ಓದುತ್ತಾರೆ.

ಪ್ರಶ್ನೆ: ಬೀದರ್‌ನಲ್ಲಿ ಹಬ್ಶಿ ಕೋಟ್ ಇದೆ. ಬಹಮನಿಗಳ ಕಾಲದಲ್ಲಿ ಅಬಿಸೀನಿಯಾದಿಂದ (ಈಗಿನ ಇಥಿಯೋಪಿಯಾ) ಬಂದ ಹಬ್ಶಿಗಳು ಇಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ನೊಣ ಅವರ ಜೊತೆ ಹಡಗಿನಲ್ಲಿ ಬಂದಿರಬಹುದಲ್ಲವೇ?
— ಬೀದರ್‌ನ ಓದುಗರು, ನಿವೃತ್ತ ನೌಕರರು

ಉತ್ತರ: ಈ ಪ್ರಶ್ನೆ ಓದಿ ಖುಷಿಯಾಯಿತು ಸರ. ಹಬ್ಶಿ ಕೋಟ್ ದಿಬ್ಬದ ಮೇಲಿನ ಗೋರಿಗಳ ನಡುವೆ ನಿಂತು ನೊಣದ ಬಗ್ಗೆ ಯೋಚಿಸಿದವರು ನೀವೊಬ್ಬರೇ ಇರಬೇಕು.

ಆದರೆ ನೊಣ ಅವರಿಗಿಂತ ಬಹಳ ಹಳಬ. ಆಫ್ರಿಕಾದ ಹೊರಗಿನ ನೊಣಗಳ ಜೀನಿನಲ್ಲಿ ಒಂದೇ ಗಾಯದ ಗುರುತಿದೆ ಅನ್ನಬಹುದು. ಯೂರೋಪಿನದಿರಲಿ, ಏಷ್ಯಾದ್ದಿರಲಿ, ತವರಿನ ಬಗೆಗಳಲ್ಲಿ ಕಳೆದುಹೋದವು ಬಹುತೇಕ ಅವೇ, ಉಳಿದವೂ ಅವೇ. ಅಂದರೆ ಟೆಂಪೋ ಹಲವು ಸಲ ಹೋಗಿಲ್ಲ. ಒಂದು ಸಣ್ಣ ಗುಂಪು ಆಫ್ರಿಕಾ ದಾಟಿತು, ಅದರ ಸಂತತಿಯೇ ಯೂರೋಪಿಗೂ ಏಷ್ಯಾಕ್ಕೂ ಹರಡಿತು. ಏಷ್ಯಾದ ನೊಣ ನೇರವಾಗಿ ಹಡಗೇರಿ ಪದೇಪದೇ ಆಫ್ರಿಕಾದಿಂದ ಬಂದಿದ್ದರೆ ನಾನು ಮೇಲೆ ಹೇಳಿದ ಅಮೆರಿಕದ ನೊಣದಂತೆ ಅದರಲ್ಲೂ ಆಫ್ರಿಕಾದ ಉದ್ದುದ್ದ ತುಂಡು ಎದ್ದು ಕಾಣಬೇಕಿತ್ತು. ಆಫ್ರಿಕಾದ ಜನರನ್ನು ಗುಲಾಮರಾಗಿ ಹೊತ್ತು ಅಟ್ಲಾಂಟಿಕ್ ದಾಟಿದ ಹಡಗುಗಳ ಕಥೆಯನ್ನು ಅಮೆರಿಕದ ನೊಣ ಇವತ್ತಿಗೂ ಮೈಯಲ್ಲಿ ಇಟ್ಟುಕೊಂಡಿದೆ, ಅದು ಸುಖದ ಕಥೆಯೇನಲ್ಲ. ಹಬ್ಶಿಗಳ ಗಂಟಿನಲ್ಲಿ ಒಂದೆರಡು ನೊಣ ಬಂದಿಲ್ಲ ಅಂತ ನಾನು ಆಣೆ ಮಾಡಲಾರೆ. ಆದರೆ ಅವು ಇಳಿದಾಗ ಇಲ್ಲಿನ ಹಣ್ಣಿನ ಮೇಲೆ ಅವುಗಳ ದೂರದ ನೆಂಟರು ಆಗಲೇ ಕೂತಿದ್ದರು.

ಪ್ರಶ್ನೆ: ನಮ್ಮದು ಮಾವು ಮತ್ತು ಪೇರಲ ತೋಟ. ಹಣ್ಣು ಮೇಲೆ ಚೆಂದ ಕಾಣುತ್ತದೆ, ಒಡೆದರೆ ಬಿಳಿ ಹುಳ. ಹೋದ ವರ್ಷ ವ್ಯಾಪಾರಿ ಅರ್ಧ ರೇಟಿಗೆ ಕೇಳಿದ. ನೀವು ಬರೆದ ಆಫ್ರಿಕಾದ ನೊಣ ಇದೇನಾ? ಹೊರಗಿನಿಂದ ಬಂದ ಪೀಡೆ ಅಂತ ಎಲ್ಲರೂ ಅನ್ನುತ್ತಾರೆ.
— ಹುಮನಾಬಾದ್ ಕಡೆಯ ರೈತರು

ಉತ್ತರ: ಅಣ್ಣಾ, ಇದು ಅದಲ್ಲ. ಹೆಸರು ಎರಡಕ್ಕೂ ಹಣ್ಣಿನ ನೊಣ ಅಂತ ಬಿದ್ದು ಇಷ್ಟೆಲ್ಲ ಗೊಂದಲ. ಅಡುಗೆಮನೆಯದು ಕೊಳೆತ ಹಣ್ಣಿಗೆ ಬರುತ್ತದೆ. ನಿಮ್ಮ ತೋಟದ್ದು ಚೆನ್ನಾಗಿರುವ ಹಣ್ಣನ್ನೇ ಚುಚ್ಚುತ್ತದೆ. ಹೆಣ್ಣಿನ ಹಿಂದೆ ಸೂಜಿಯಂಥ ಮೊನೆ ಇರುತ್ತದೆ, ಅದನ್ನು ಸಿಪ್ಪೆಯೊಳಗೆ ಇಳಿಸಿ ಮೊಟ್ಟೆ ಇಡುತ್ತದೆ. ಮಾಗುತ್ತಿರುವ ಮಾವನ್ನು ಬಿಸಿಲಿಗೆ ಹಿಡಿದು ನೋಡಿ, ಸಾಸಿವೆಗಿಂತ ಸಣ್ಣ ಕಲೆ, ಅದರಿಂದ ಒಂದು ಹನಿ ರಸ ಒಸರಿ ಒಣಗಿದ್ದು ಕಾಣುತ್ತದೆ. ಅದೇ ಚುಚ್ಚಿದ ಜಾಗ. ಗಾತ್ರದಲ್ಲೂ ಇದು ದೊಡ್ಡದು, ಮನೆನೊಣಕ್ಕೆ ಹತ್ತಿರ, ಬೆನ್ನ ಮೇಲೆ ಹಳದಿ ಗುರುತು, ದೂರದಿಂದ ಕಣಜದ ಹಾಗೆ ಕಾಣುತ್ತದೆ. ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಅಂತ ಇದರ ಹೆಸರು.

ಹೊರಗಿನಿಂದ ಬಂದ ಪೀಡೆ ಅಂದಿರಲ್ಲ, ಅದೂ ತಲೆಕೆಳಗು. ಈ ನೊಣ ಏಷ್ಯಾದ್ದು, ನಮ್ಮದೇ. ಬೇರೆಯವರ ಪಾಲಿಗೆ ನಾವೇ ಹೊರಗಿನವರು! 2003ರಲ್ಲಿ ಕೀನ್ಯಾದಲ್ಲಿ ಮಾವಿನ ಹಣ್ಣಿನ ಮೇಲೆ ಹಿಂದೆ ಕಾಣದ ನೊಣ ಸಿಕ್ಕಿತು. ಕೆಲವೇ ವರ್ಷದಲ್ಲಿ ಆಫ್ರಿಕಾದ ಹತ್ತಾರು ದೇಶಕ್ಕೆ ಹಬ್ಬಿ ಮಾವು ಬೆಳೆಗಾರರನ್ನು ಮಲಗಿಸಿಬಿಟ್ಟಿತು. 2005ರಲ್ಲಿ ಅದು ಹೊಸ ಜಾತಿ ಅಂತ ತೀರ್ಮಾನಿಸಿ ಬ್ಯಾಕ್ಟ್ರೋಸೆರಾ ಇನ್ವೇಡೆನ್ಸ್ ಅಂತ ಹೆಸರಿಟ್ಟರು. ಇನ್ವೇಡೆನ್ಸ್ ಅಂದರೆ ದಾಳಿಕೋರ. ಅದೇ ನೊಣ ಶ್ರೀಲಂಕಾದಲ್ಲೂ ಸಿಕ್ಕಾಗ ಬೆರಳು ನಮ್ಮ ದಿಕ್ಕಿಗೆ ತಿರುಗಿತು.

ಆಮೇಲೆ ಹತ್ತು ವರ್ಷ ಜಗಳ. ಇದು ಬೇರೆ ಜಾತಿಯಾ, ನಮ್ಮ ಡಾರ್ಸಾಲಿಸ್ಸೇ ಬಣ್ಣ ಬದಲಿಸಿದ್ದಾ? ಬೆನ್ನಿನ ಬಣ್ಣ ನೋಡಿ ಹೇಳಲು ಆಗಲಿಲ್ಲ, ಯಾಕಂದರೆ ಒಂದೇ ಮರದ ನೊಣಗಳಲ್ಲೂ ಬಣ್ಣ ಬೇರೆ ಬೇರೆ. ಜೀನ್ ಓದಿದರು, ಬೇರ್ಪಡಿಸಲು ಗೆರೆಯೇ ಸಿಗಲಿಲ್ಲ. ಜೋಡಿ ಮಾಡಿ ಬಿಟ್ಟರು, ತಕರಾರಿಲ್ಲದೆ ಸಂತಾನವಾಯಿತು. ಗಂಡಿನ ವಾಸನೆಯೂ ಒಂದೇ. ಕೊನೆಗೆ 2015ರಲ್ಲಿ ಇನ್ವೇಡೆನ್ಸ್ ಅನ್ನೋ ಹೆಸರು ತೆಗೆದು ಹಾಕಿದರು, ಜೊತೆಗೆ ಮಲೇಷ್ಯಾ ಕಡೆ ಪಪಾಯೆ ಅಂತ ಕರೆಯುತ್ತಿದ್ದದ್ದನ್ನೂ ಡಾರ್ಸಾಲಿಸ್ ಅಂತಲೇ ಮಾಡಿದರು. ಇದು ಬರೀ ಪಂಡಿತರ ಹಟ ಅಂತ ತಿಳಿಯಬೇಡಿ. ಜಾತಿ ಬೇರೆ ಅಂದರೆ ಹಣ್ಣಿನ ವ್ಯಾಪಾರದ ನಿಯಮ ಬೇರೆ, ತಪಾಸಣೆ ಬೇರೆ. ಒಂದೇ ಅಂದ ಮೇಲೆ ಅರ್ಧ ತಕರಾರು ತನ್ನಷ್ಟಕ್ಕೆ ಹೋಗುತ್ತದೆ.

ನಿಮ್ಮ ತೋಟಕ್ಕೆ ಬರೋಣ. ಉದುರಿದ ಹಣ್ಣು ಮರದ ಕೆಳಗೆ ಬಿಡಲೇಬೇಡಿ. ದಿನಾ ಆರಿಸಿ ಆಳವಾದ ಗುಂಡಿಯಲ್ಲಿ ಮುಚ್ಚಿ, ಇಲ್ಲವೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಹಾಕಿ. ಹುಳ ಹಣ್ಣಿನಿಂದ ಇಳಿದು ಮಣ್ಣಿನೊಳಗೆ ಕೋಶ ಕಟ್ಟುತ್ತದೆ, ಆದ್ದರಿಂದ ಮರದ ಬುಡದ ಮಣ್ಣನ್ನು ಕೆದಕಿ ಬಿಸಿಲು ಕಾಣಿಸಿ. ಕಾಯಿ ಇನ್ನೂ ಎಳೆಯದಿರುವಾಗಲೇ ಮಿಥೈಲ್ ಯೂಜಿನಾಲ್ ಬಲೆ ಕಟ್ಟಿ. ಪ್ಲೈವುಡ್ ತುಂಡಿಗೆ ಆ ಮದ್ದು ಹೀರಿಸಿ ಡಬ್ಬಿಯಲ್ಲಿ ತೂಗುಬಿಡುತ್ತಾರಲ್ಲ, ಅದೇ. ಅದಕ್ಕೆ ಬೀಳುವುದು ಗಂಡು ಮಾತ್ರ. ಹಾಗಾಗಿ ಹಣ್ಣು ಚುಚ್ಚುವ ಹೊತ್ತಿಗೆ ಕಟ್ಟಿದರೆ ಪ್ರಯೋಜನ ಇಲ್ಲ, ಮೊದಲೇ ಗಂಡುಗಳನ್ನು ತೆಗೆದಿರಬೇಕು. ಒಬ್ಬರೇ ಕಟ್ಟಿದರೆ ಅಷ್ಟಕ್ಕಷ್ಟೇ. ಬದುವಿನ ಆಚೆಯವರನ್ನೂ ಒಪ್ಪಿಸಿ, ಚಹಾ ಕುಡಿಸಿಯಾದರೂ ಒಪ್ಪಿಸಿ.

ಈ ಬಲೆಯ ಗುಟ್ಟು ಸಿಕ್ಕಿದ್ದೂ ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿ ಹೌಲೆಟ್ ಎಂಬ ಇಂಗ್ಲಿಷ್ ಕೀಟತಜ್ಞ ಇದ್ದ. ಸೊಳ್ಳೆ ಓಡಿಸಲು ಸಿಟ್ರೊನೆಲ್ಲಾ ಎಣ್ಣೆ ಬಳಸಿದರೆ ಹಣ್ಣಿನ ನೊಣ ಬಂದು ಮುತ್ತುತ್ತವೆ ಅನ್ನೋದು ಅವನ ಗಮನಕ್ಕೆ ಬಂತು, 1912ರಲ್ಲಿ ಅದನ್ನು ಬರೆದ. ಆಮೇಲೆ ಆ ಎಣ್ಣೆಯಲ್ಲಿ ಎಳೆಯುತ್ತಿದ್ದದ್ದು ಮಿಥೈಲ್ ಯೂಜಿನಾಲ್ ಅಂತ ಕಂಡುಕೊಂಡ. ತುಳಸಿಯಲ್ಲೂ ಇದು ಇದೆ. ಅಂಗಳದ ತುಳಸಿಕಟ್ಟೆ ಹತ್ತಿರ ಈ ನೊಣ ಸುಳಿದಾಡುವುದು ಭಕ್ತಿಯಿಂದಲ್ಲ.

ಪ್ರಶ್ನೆ: ನೊಣ ಎಲ್ಲಿಯದಾದರೇನು? ಹಣ್ಣು ಹಾಳಾಗೋದು ತಪ್ಪುತ್ತಾ? ಇಷ್ಟು ದುಡ್ಡು ಸುರಿದು ನೊಣದ ವಂಶಾವಳಿ ಬರೆಯುವ ಅಗತ್ಯ ಏನು?
— ಸೇಡಂನ ಮಾಸ್ತರರು

ಉತ್ತರ: ಮಾಸ್ತರರೇ, ಕಳ್ಳ ಯಾವ ಬಾಗಿಲಿನಿಂದ ಬಂದ ಅಂತ ಗೊತ್ತಾದರೆ ತಾನೇ ಕೀಲಿ ಎಲ್ಲಿಗೆ ಹಾಕಬೇಕು ಅನ್ನೋದು ತಿಳಿಯೋದು?

ಮೆಡಿಟರೇನಿಯನ್ ಹಣ್ಣಿನ ನೊಣ ಅಂತ ಒಂದಿದೆ. ಹೆಸರು ಮೆಡಿಟರೇನಿಯನ್, ತವರು ಮತ್ತೆ ಆಫ್ರಿಕಾ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದಾಗ ಹೆಲಿಕಾಪ್ಟರಿನಿಂದ ಊರ ಮೇಲೆ ಮೆಲಾಥಿಯಾನ್ ಅನ್ನೋ ಕೀಟನಾಶಕ ಸಿಂಪಡಿಸಿದ್ದರು, ಜನ ರೊಚ್ಚಿಗೆದ್ದಿದ್ದರು. ಆಮೇಲೂ ಅದು ಮತ್ತೆ ಮತ್ತೆ ಕಾಣಿಸಿತು. ಇದು ಹಳೆಯದೇ ಅಡಗಿ ಕೂತಿದ್ದಾ, ಪ್ರತಿ ಸಲ ಹೊಸದಾಗಿ ಬರುತ್ತಿದೆಯಾ? ಮೊದಲನೆಯದಾದರೆ ತೋಟದಲ್ಲಿ ಹುಡುಕಬೇಕು, ಎರಡನೆಯದಾದರೆ ವಿಮಾನ ನಿಲ್ದಾಣದಲ್ಲಿ. ಇಂಥದ್ದಕ್ಕೆ ಜೀನ್ ಓದುವುದು ಬಿಟ್ಟು ಬೇರೆ ದಾರಿ ಕಡಿಮೆ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾ ಡಿಎನ್‌ಎ ಅಂತ ಒಂದಿದೆ, ಹೆಣ್ಣುಮಕ್ಕಳ ತವರಿನ ದಾರಿ ಹಿಡಿದು ಹಿಂದೆ ಹಿಂದೆ ಹೋದ ಹಾಗೆ. ಅದನ್ನು ಇಂಥ ಹುಡುಕಾಟದಲ್ಲಿ ಬಹಳ ಬಳಸುತ್ತಾರೆ.

ತವರು ಗೊತ್ತಾದರೆ ಶತ್ರುವೂ ಗೊತ್ತಾಗುತ್ತದೆ. ನಮ್ಮ ಮಾವಿನ ನೊಣದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುವ ಒಂದು ಸಣ್ಣ ಕಣಜ ಏಷ್ಯಾದಲ್ಲಿದೆ, ಫೋಪಿಯಸ್ ಅರಿಸಾನಸ್. 1940ರ ದಶಕದಲ್ಲಿ ನೊಣ ಹವಾಯಿಗೆ ಹೋದಾಗ ಈ ಕಣಜವನ್ನೂ ಅಲ್ಲಿಗೆ ತಂದು ಬಿಟ್ಟರು, ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಹವಾಯಿಯಿಂದ ಅದೇ ಕಣಜ ಕೀನ್ಯಾಕ್ಕೆ ಹೋಯಿತು.

ದುಡ್ಡಿನ ಮಾತಿಗೆ ಬಂದರೆ 2014 ನೆನಪಿಸಿಕೊಳ್ಳಿ. ಹಣ್ಣಿನ ನೊಣ ಸಿಕ್ಕಿತು ಅಂತ ಯೂರೋಪಿನವರು ನಮ್ಮ ಮಾವಿನ ಹಣ್ಣನ್ನೇ ಒಳಗೆ ಬಿಡಲಿಲ್ಲ, ಜೊತೆಗೆ ಹಾಗಲ, ಬದನೆಯಂಥ ಕೆಲವು ತರಕಾರಿಗಳನ್ನೂ. ಮಾವಿನ ಮೇಲಿನ ನಿಷೇಧ ತೆಗೆದದ್ದು 2015ರ ಜನವರಿಯಲ್ಲಿ. ಪೆಟ್ಟಿಗೆಯಲ್ಲಿ ಸಿಕ್ಕ ಮರಿಹುಳ ಯಾವ ಜಾತಿಯದು ಅಂತ ಕಣ್ಣಿನಿಂದ ಹೇಳೋದು ಬಹಳ ಕಷ್ಟ, ಎಲ್ಲವೂ ಅಕ್ಕಿಕಾಳಿನಂತೆ ಬಿಳೀ. ಅಲ್ಲೂ ಡಿಎನ್‌ಎಯ ಒಂದು ತುಂಡು ಓದಿಯೇ ಹೇಳುತ್ತಾರೆ.

ಪ್ರಶ್ನೆ: ಜಾಪ್ರಿಯೋನಸ್ ಇಂಡಿಯಾನಸ್ ಅನ್ನೋ ನೊಣ ಭಾರತದ್ದೇ ತಾನೇ? ಹೆಸರಿನಲ್ಲೇ ಇದೆಯಲ್ಲ.
— ಕಲಬುರಗಿಯ ಬಿಎಸ್ಸಿ ವಿದ್ಯಾರ್ಥಿ

ಉತ್ತರ: ಅಲ್ಲ ತಮ್ಮಾ. 1970ರಲ್ಲಿ ಭಾರತದಲ್ಲಿ ಸಿಕ್ಕ ನೊಣ ನೋಡಿ ಹೆಸರಿಟ್ಟದ್ದಕ್ಕೆ ಇಂಡಿಯಾನಸ್ ಆಯಿತು. ಅದರ ಹತ್ತಿರದ ಬಳಗ ಆಫ್ರಿಕಾದ್ದು, ಅದೂ ಆಫ್ರಿಕಾದ್ದೇ. ಇಂಗ್ಲಿಷ್‌ನಲ್ಲಿ ಈಗ ಆಫ್ರಿಕಾದ ಅಂಜೂರದ ನೊಣ ಅಂತ ಕರೆಯುತ್ತಾರೆ. 1999ರಲ್ಲಿ ಬ್ರೆಜಿಲ್‌ನಲ್ಲಿ ಕಾಣಿಸಿಕೊಂಡು ಅಂಜೂರದ ತೋಟಗಳನ್ನು ಹಾಳು ಮಾಡಿತ್ತು. ಗುರುತು ಸುಲಭ, ಕಂದು ಮೈ, ತಲೆಯಿಂದ ಬೆನ್ನಿನ ತನಕ ಬೆಳ್ಳಿ ದಾರ ಎಳೆದಂತೆ ಬಿಳಿ ಗೆರೆ. ನಿಮ್ಮ ಹಾಸ್ಟೆಲಿನ ಹಣ್ಣಿನ ಸಿಪ್ಪೆ ಬುಟ್ಟಿಯಲ್ಲೇ ಸಿಗಬಹುದು, ನೋಡಿ.

ಪ್ರಶ್ನೆ: ಎಂಟನೇ ಕ್ಲಾಸಿನ ಮಗಳು ವಿಜ್ಞಾನ ಪ್ರದರ್ಶನಕ್ಕೆ ನೊಣ ಹಿಡಿಯುತ್ತೇನೆ ಅಂತ ಕೂತಿದ್ದಾಳೆ. ಮನೆಯಲ್ಲಿ ಮಾಡುವಂಥದ್ದು ಏನಾದರೂ ಇದೆಯೇ?
— ಸುರಪುರದ ತಾಯಿ

ಉತ್ತರ: ಇದೆ ಅಕ್ಕಾ, ಖರ್ಚೂ ಇಲ್ಲ. ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿ. ಕಳಿತ ಬಾಳೆಹಣ್ಣು ಕಿವುಚಿ, ಚಿಟಿಕೆ ಯೀಸ್ಟ್ ಹಾಕಿ ಎರಡರಲ್ಲೂ ಇಡಿ. ಯೀಸ್ಟ್ ಬೇಕರಿಯಲ್ಲಿ ಕೇಳಿದರೆ ಕೊಡುತ್ತಾರೆ. ಬಾಯಿಗೆ ಕಾಗದದ ಲಾಳಿಕೆ ಸಿಕ್ಕಿಸಿ, ಚೂಪು ತುದಿ ಕೆಳಗೆ. ಒಂದು ಅಡುಗೆಮನೆಯಲ್ಲಿರಲಿ, ಇನ್ನೊಂದು ಊರ ಹೊರಗಿನ ಹೊಲದ ಬೇವಿನ ಕೆಳಗೆ. ಎರಡು ದಿನ ಬಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿ ಭೂತಗನ್ನಡಿಯಲ್ಲಿ ಎಣಿಸಲಿ. ಕರಿಹೊಟ್ಟೆಯವು ಎಷ್ಟು, ಬಿಳಿ ಗೆರೆಯವು ಎಷ್ಟು, ಬೇರೆ ಥರದವು ಎಷ್ಟು. ಮನೆಯಲ್ಲಿ ಒಂದು ಬಗೆ ಸಿಕ್ಕರೆ ಹೊಲದಲ್ಲಿ ಇನ್ನೊಂದು ಸಿಗಬಹುದು, ಅದನ್ನೇ ಪಟ್ಟಿ ಮಾಡಿ ಗೋಡೆಗೆ ಹಚ್ಚಬಹುದು.

ಏಪ್ರಿಲ್, ಮೇನಲ್ಲಿ ಮಾಡಬೇಡಿ. ಶಾಖ 30 ಡಿಗ್ರಿ ದಾಟಿ ಹಾಗೇ ನಿಂತರೆ ಕರಿಹೊಟ್ಟೆ ನೊಣದ ಗಂಡುಗಳಿಗೆ ಮಕ್ಕಳಾಗುವುದಿಲ್ಲ. ನಮ್ಮ ಕಡೆಯ ಬೇಸಿಗೆಯಂತೂ ನಿಮಗೆ ಗೊತ್ತೇ ಇದೆ, ನನ್ನ ಅಡುಗೆಮನೆಯಲ್ಲಿ ಆ ದಿನಗಳಲ್ಲಿ ಒಂದೂ ಕಾಣುವುದಿಲ್ಲ. ಮಿರಗದ ಮಳೆ ಬಿದ್ದು ನಾಲ್ಕು ದಿನವಾಗಲಿ, ತಾವಾಗಿಯೇ ಬರುತ್ತವೆ. ಮತ್ತೆ, ಎಣಿಸಿದ ಮೇಲೆ ಬಾಟಲಿಯನ್ನು ಅಂಗಳದಲ್ಲಿ ತೆರೆಯಲು ಹೇಳಿ. ನಾನು ಒಮ್ಮೆ ಒಳಗೇ ತೆರೆದು, ಆ ದಿನ ಮಧ್ಯಾಹ್ನದ ಊಟಕ್ಕೆ ಖಾನಾವಳಿಗೆ ಹೋಗಬೇಕಾಯಿತು.